ಒಂದು ಚಿಟಿಕೆ ಎತ್ತರ

ನಮ್ಮ ಊರಿನಲ್ಲಿ ಮಳೆ ಮೊದಲು ಮೇಜಿನ ಮೇಲೆ ಬೀಳುತ್ತದೆ. ಊರಿಗೆ ಬರುವುದು ಮರುದಿನ, ಅದೇ ಹೊತ್ತಿಗೆ. ಇವತ್ತು ಬೆಳಿಗ್ಗೆ ಹತ್ತಕ್ಕೆ ಮೇಜಿನ ಪೇಟೆಬೀದಿ ಒದ್ದೆಯಾಯಿತೆಂದರೆ ನಾಳೆ ಹತ್ತಕ್ಕೆ ನಿಜವಾದ ಪೇಟೆಬೀದಿಯಲ್ಲಿ ಕೊಡೆಗಳು ಬಿಚ್ಚಿಕೊಳ್ಳುತ್ತವೆ. ಹಾಗಾಗಿ ನಮ್ಮವರು ಹಪ್ಪಳ ಒಣಗಿಸುವ ಮುಂಚೆ, ಮೀನು ಹರವುವ ಮುಂಚೆ, ಮದುವೆಗೆ ಚಪ್ಪರ ಹಾಕುವ ಮುಂಚೆ ಹಳೆಯ ಸುಂಕದ ಕಟ್ಟಡಕ್ಕೆ ಬಂದು ಒಮ್ಮೆ ಇಣುಕಿ ಹೋಗುತ್ತಾರೆ. ಆ ಮೇಜನ್ನು ನೋಡಿಕೊಳ್ಳುವವಳು ನಾನು, ವಾರಿಜ. ಇಪ್ಪತ್ತೆರಡು ವರ್ಷವಾಯಿತು.

ನೋಡಿಕೊಳ್ಳುವುದೆಂದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಎಂದು ಊರಿನ ಅರ್ಧ ಜನ ತಿಳಿದಿದ್ದಾರೆ. ಕೂರಲಿಕ್ಕೆ ನನಗೆ ಪುರುಸೊತ್ತೆಲ್ಲಿದೆ? ಮೇಜು ಹನ್ನೆರಡು ಮೊಳ ಉದ್ದ, ಆರು ಮೊಳ ಅಗಲ. ಅದರ ಮೇಲೆ ಆವೆಮಣ್ಣಿನಲ್ಲಿ ಇಡೀ ಊರು: ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡೆ, ನಡುವೆ ಹುಣಸೆಬೀಜದ ಗಾತ್ರದ ಮನೆಗಳು. ಕಡಲೆಂದರೆ ಒಂದು ತಗಡಿನ ತೊಟ್ಟಿ. ಅದಕ್ಕೆ ದಿನವೂ ಬೆಳಿಗ್ಗೆ ಕಡಲಿನ ಹೊಸ ನೀರು ತಂದು ತುಂಬಬೇಕು. ನಿನ್ನೆಯ ನೀರು ಉಳಿದರೆ ನಿನ್ನೆಯ ಮೋಡವೇ ಮತ್ತೊಮ್ಮೆ ಏಳುತ್ತದೆ. ಮೋಡಗಳು ನನ್ನ ಗಲ್ಲದ ಮಟ್ಟ ದಾಟುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳೂ ನನಗೆ ನೆಗಡಿ.

ರೇಡಿಯೋದಲ್ಲಿಯೂ ಹೇಳುತ್ತಾರೆ, ಕರಾವಳಿಯಲ್ಲಿ ಭಾರೀ ಮಳೆಯಾಗುವ ಸಾಧ್ಯತೆ ಇದೆ ಎಂದು. ಅವರದ್ದೇನೂ ತಪ್ಪಿಲ್ಲ. ಕರಾವಳಿ ಅಷ್ಟುದ್ದಕ್ಕೆ ಬಿದ್ದುಕೊಂಡಿದೆ, ಎಲ್ಲಾದರೊಂದು ಕಡೆ ಬಂದೇ ಬರುತ್ತದೆ. ನಮಗೆ ಬೇಕಾದದ್ದು ಯಾವ ಕೇರಿ, ಎಷ್ಟು ಹೊತ್ತಿಗೆ, ಎಷ್ಟು ಎಂಬುದು. ಅದನ್ನು ಮೇಜು ಹೇಳುತ್ತದೆ. ಹೆಬ್ಬೆರಳಿನ ಗಾತ್ರದ ಹಿತ್ತಾಳೆ ಬಟ್ಟಲುಗಳನ್ನು ಕೇರಿಗೊಂದರಂತೆ ಇಟ್ಟಿದ್ದೇನೆ. ದಿನಕ್ಕೆ ಒಂದು ಬಟ್ಟಲು ತುಂಬಿದರೆ ಸಾಧಾರಣ ಮಳೆ. ಮೂರು ದಾಟಿದರೆ ಕಟ್ಟಡದ ಮೇಲೆ ಕೆಂಪು ಬಟ್ಟೆ ಏರಿಸುತ್ತೇನೆ, ತಗ್ಗಿನವರು ಗುಡ್ಡೆಯಡಿಯ ಶಾಲೆಗೆ ಹೊರಡಬೇಕು.

ಇನ್ನೊಂದು ಕಟ್ಟುನಿಟ್ಟಿನ ಸಂಗತಿ ಉಂಟು. ಊರಿನಲ್ಲಿ ಯಾರಾದರೂ ಗೋಡೆ ಕಟ್ಟಿದರೆ, ಮರ ಕಡಿದರೆ, ಬಾವಿ ಮುಚ್ಚಿದರೆ, ಅದೇ ವಾರ ಬಂದು ಮೇಜಿನ ಮೇಲೂ ಹಾಗೆಯೇ ಮಾಡಬೇಕು. ಇಲ್ಲದಿದ್ದರೆ ಮಳೆ ದಾರಿ ತಪ್ಪುತ್ತದೆ. ಮನೆಗಳನ್ನು ಮುಟ್ಟುವ ಹಕ್ಕು ಆಯಾ ಮನೆಯವರಿಗೆ ಮಾತ್ರ. ನಾನು ರಸ್ತೆ, ನೀರು ಹರಿಯುವ ತೋಡು, ಗುಡ್ಡೆ, ಕಡಲು ಮುಟ್ಟಬಹುದು. ಇನ್ನೊಬ್ಬರ ಮನೆಯ ಮೇಲೆ ಜೇಡ ಬಲೆ ಕಟ್ಟಿದರೂ ಮನೆಯವರಿಗೆ ಹೇಳಿ ಕಳಿಸಬೇಕು.

ನಾಲ್ಕು ವರ್ಷದ ಹಿಂದೆ ಉಪ್ಪಿನಕೇರಿಗೆ ಸೊಂಟದವರೆಗೆ ನೀರು ಬಂದಿತ್ತು. ಉಪ್ಪಿನಕೇರಿಯೆಂದರೆ ಕಡಲಿನ ಬದಿಯ ನಲವತ್ತಾರು ಮನೆ, ನನ್ನದೂ ಸೇರಿ. ಊರಿನಲ್ಲೇ ಅತ್ಯಂತ ತಗ್ಗು. ಆಗ ಮೇಜು ಸರಿಯಾಗಿ ಹೇಳಿತ್ತು, ನಾನು ಕೆಂಪು ಬಟ್ಟೆ ಏರಿಸಿದ್ದೆ, ಎಲ್ಲರೂ ಶಾಲೆಗೆ ಹೋಗಿ ಬದುಕಿಕೊಂಡೆವು. ಆಮೇಲೆ ಕೇರಿಯವರು ಸೇರಿ ನನಗೊಂದು ಸೀರೆ ಕೊಟ್ಟರು. ಆ ಸೀರೆಯ ಮರ್ಯಾದೆ ಈ ವರ್ಷ ಹೋಯಿತು.

ಈ ಮಳೆಗಾಲ ಶುರುವಾದ ಮೇಲೆ ಎರಡು ಸಲ ಮೇಜಿನ ಉಪ್ಪಿನಕೇರಿಯ ಬಟ್ಟಲು ಮೂರರ ಮೇಲೆ ಹೋಯಿತು. ಎರಡು ಸಲವೂ ನಾನು ಕೇರಿಯವರನ್ನೆಲ್ಲ ಗಂಟುಮೂಟೆ ಸಮೇತ ಶಾಲೆಗೆ ಹೊರಡಿಸಿದೆ. ಎರಡು ಸಲವೂ ಕೇರಿಗೆ ನಾಲ್ಕು ಹನಿ ಬಿಟ್ಟರೆ ಮತ್ತೇನೂ ಬರಲಿಲ್ಲ. ಬದಲಿಗೆ ಶಾಲೆಯ ಕಡೆ ಮಳೆ ಸುರಿದು, ಸೋರುವ ಹಂಚಿನ ಅಡಿಯಲ್ಲಿ ನಾವೆಲ್ಲ ಕೊಡೆ ಬಿಚ್ಚಿಕೊಂಡು ಕೂತೆವು. ಮನೆಗೆ ಬಂದು ನೋಡಿದರೆ ಹಗ್ಗದ ಮೇಲಿನ ಬಟ್ಟೆ ಒಣಗಿ ನಿಂತಿತ್ತು. ಶಾಲೆಯ ಪಕ್ಕದ ಮನೆಯ ತ್ಯಾಂಪಣ್ಣ ಶೆಟ್ಟರು ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳಿದರು, "ಮಳೆಯಿಂದ ತಪ್ಪಿಸ್ತೇನೆ ಅಂತ ಹೇಳಿ ಮಳೆಗೇ ಕರ್ಕೊಂಡು ಬರುದು ನಮ್ಮ ವಾರಿಜಕ್ಕ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಆಮೇಲೆ ಹೆದರಿಕೆ. ತೊಟ್ಟಿಯ ನೀರನ್ನು ದಿನಕ್ಕೆ ಎರಡು ಸಲ ಬದಲಿಸಿದೆ. ಗುಡ್ಡೆಯ ಮರಗಳನ್ನು ಒಂದೊಂದಾಗಿ ಲೆಕ್ಕ ಮಾಡಿದೆ. ತೋಡುಗಳನ್ನು ಕಡ್ಡಿಯಿಂದ ಕೆರೆದೆ. ಎಲ್ಲಿ ತಪ್ಪಿದೆಯೆಂದು ಸಿಗಲಿಲ್ಲ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ತೊಟ್ಟಿಯಿಂದ ಮೋಡ ಎದ್ದಿತು. ಅಂಥ ಕಪ್ಪು ಮೋಡವನ್ನು ಆ ಮೇಜಿನ ಮೇಲೆ ನಾನು ಕಂಡದ್ದಿಲ್ಲ. ಅದು ನೆಟ್ಟಗೆ ಬಂದು ಉಪ್ಪಿನಕೇರಿಯ ಮೇಲೆ ಕೂತಿತು. ಒಂಬತ್ತಕ್ಕೆ ನಾಲ್ಕು ಬಟ್ಟಲು ಎತ್ತಿ ಚೆಲ್ಲಿದೆ. ಹತ್ತಕ್ಕೆ ಆರು. ನಾಲ್ಕು ವರ್ಷದ ಹಿಂದೆ ಸೊಂಟದವರೆಗೆ ನೀರು ಬಂದ ದಿನ ಬೆಳಗಿನಿಂದ ಸಂಜೆಯವರೆಗೆ ಬಿದ್ದದ್ದು ಐದು. ನಾನು ಓಡಿಹೋಗಿ ಕೆಂಪು ಬಟ್ಟೆ ಏರಿಸಿದೆ.

ಅರ್ಧ ಗಂಟೆಯಲ್ಲಿ ದೇಜಪ್ಪಣ್ಣ ಬಂದರು. ದೋಣಿ ಕಟ್ಟುವ ಮೇಸ್ತ್ರಿ. ಕೇರಿಯಲ್ಲಿ ಅವರು ಹೂಂ ಎಂದರೆ ಉಳಿದವರೂ ಹೂಂ. ಹಿಂದೆಯೇ ಅವರ ಹೆಂಡತಿ ಗುಲಾಬಿ, ಮೀನಿನ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು. ಅವರ ಸೊಸೆ ಶಾಂಭವಿ ಹೆತ್ತು ಹನ್ನೆರಡು ದಿನವಾಗಿತ್ತು.

"ವಾರಿಜಕ್ಕ, ನಿಮ್ಮ ಬಟ್ಟೆ ಕಂಡಿತು," ದೇಜಪ್ಪಣ್ಣ ಹೇಳಿದರು. "ಈ ಸಲ ನಾವು ಬರುದಿಲ್ಲ. ಹಸಿ ಬಾಣಂತಿಯನ್ನು, ಆ ಪುಟ್ಟ ಮಗುವನ್ನು ಆ ಸೋರುವ ಶಾಲೆಗೆ ಕರ್ಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಹೋಗದಿದ್ರೆ ಕೇರಿಯಲ್ಲಿ ಯಾರೂ ಹೋಗುದಿಲ್ಲ."

"ಆರು ಬಟ್ಟಲು ಬಿದ್ದಾಯ್ತು ದೇಜಪ್ಪಣ್ಣ. ಮಾಡಿನ ಹಂಚಿನವರೆಗೆ ನೀರು ಬರ್ತದೆ. ಮಗುವನ್ನು ಎಲ್ಲಿ ಇಡ್ತೀರಿ, ಅಟ್ಟದಲ್ಲಾ?"

"ಎರಡು ಸಲ ಹೀಗೇ ಹೇಳಿದ್ರಿ."

ಮಾಡಿನವರೆಗೆ ಎಂದ ಕೂಡಲೇ ಗುಲಾಬಿ ಬುಟ್ಟಿ ಕೆಳಗಿಟ್ಟು ಮೇಜಿನ ಹತ್ತಿರ ಹೋಗಿದ್ದಳು. ಗಂಡನಿಗಿಂತ ಅವಳಿಗೆ ಹೆಚ್ಚು ಹೆದರಿಕೆ ಹಿಡಿದಿತ್ತು. ಮೋಡದ ಅಡಿಗೆ ತಲೆ ಬಗ್ಗಿಸಿ ತುಂಬ ಹೊತ್ತು ನೋಡಿದಳು. ಬೆನ್ನೆಲ್ಲ ನೆನೆಯಿತು.

"ಅಕ್ಕ, ಇದೆಂತ ಇದು?" ಅವಳು ಕೇಳಿದಳು. "ನೀರು ನಮ್ಮ ಕೇರಿಯಿಂದ ಪೇಟೆಬೀದಿಗೆ ಇಳಿದು ಹೋಗ್ತಾ ಉಂಟು. ನಮ್ಮಲ್ಲಿ ಎಲ್ಲಿ ಹೀಗೆ? ಪೇಟೆಯ ಚರಂಡಿ ನೀರೆಲ್ಲ ಬರುದು ನಮ್ಮ ಅಂಗಳಕ್ಕೆ ಅಲ್ವಾ?"

ನಾನು ಅಡಿಪಟ್ಟಿ ತಂದು ಅಡ್ಡ ಇಟ್ಟು ನೋಡಿದೆ. ಉಪ್ಪಿನಕೇರಿ ಪೇಟೆಬೀದಿಗಿಂತ ಎರಡು ಬೆರಳು ಮೇಲಿತ್ತು. ಒಂದೆರಡು ಮನೆ ಮೂರು ಬೆರಳು.

ಮೊದಲು ಬಾಯಿ ಬಿಟ್ಟವಳು ಗುಲಾಬಿಯೇ. "ನಾನು ಒಂದೊಂದು ಚಿಟಿಕೆ ಮಣ್ಣು ಹಾಕಿದ್ದುಂಟು," ಅಂದಳು. "ಆ ನೀರು ಬಂದ ವರ್ಷದ ನಂತರ. ಮೇಜಿನ ಮೇಲಿನ ನಮ್ಮ ಮನೆ ಒರಸ್ಲಿಕ್ಕೆ ಬಂದಾಗ ಅಡಿಗೆ ಸ್ವಲ್ಪ ಸೇರಿಸುದು. ಎತ್ತರ ಇದ್ರೆ ಮುಳುಗುದಿಲ್ಲ ಅಂತ ಮನಸ್ಸಿಗೊಂದು ಸಮಾಧಾನ."

"ನೀನು ಹಾಕ್ತಿದ್ಯಾ?" ದೇಜಪ್ಪಣ್ಣ ಕೇಳಿದರು. ಮತ್ತೆ, "ನಾನೂ ಹಾಕ್ತಿದ್ದೆ," ಅಂದರು.

ನಾಲ್ಕು ವರ್ಷ ಒಂದೇ ಮನೆಯನ್ನು ಗಂಡ ಬೇರೆ, ಹೆಂಡತಿ ಬೇರೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎತ್ತರ ಮಾಡಿದ್ದರು. ಅವರಿಬ್ಬರು ಹಾಗೆ ಮಾಡಿದ್ದಾರೆಂದರೆ ಉಳಿದ ನಲವತ್ತೈದು ಮನೆಯವರೂ ಮಾಡಿದ್ದಾರೆ, ಹೆಚ್ಚು ಯೋಚಿಸಬೇಕಾದ್ದೇ ಇರಲಿಲ್ಲ. ಕಡಲಿನಿಂದ ಏಳುವ ಮೋಡ ಮೊದಲು ಸಿಗುವ ಎತ್ತರಕ್ಕೆ ತಾಗಿ ಅಲ್ಲೇ ಸುರಿಯುತ್ತದೆ. ನಿಜವಾದ ಊರಿನಲ್ಲಿ ಆ ಎತ್ತರ ಗುಡ್ಡೆ. ಮೇಜಿನ ಮೇಲೆ ನಾವೇ ಚಿಟಿಕೆ ಚಿಟಿಕೆಯಾಗಿ ನಮ್ಮ ಕೇರಿಯನ್ನು ಗುಡ್ಡೆಯಾಗಿ ಮಾಡಿಟ್ಟಿದ್ದೆವು. ಹಾಗಾಗಿ ಮೇಜಿನಲ್ಲಿ ಕೇರಿಗೆ ಬಿದ್ದ ಮಳೆ ಊರಿನಲ್ಲಿ ಶಾಲೆಗೆ ಬೀಳುತ್ತಿತ್ತು. ಈ ಆರು ಬಟ್ಟಲು ಮಳೆ ನಾಳೆ ಬೀಳುವುದು ಶಾಲೆಯ ಮೇಲೆ. ನಾನು ಬಾಣಂತಿಯನ್ನು, ಮಗುವನ್ನು ಕಳಿಸಲು ಹೊರಟದ್ದು ಅಲ್ಲಿಗೆ.

"ದೇಜಪ್ಪಣ್ಣ, ಮನೆಯನ್ನು ಒತ್ತಿ ಮೊದಲಿನಷ್ಟಕ್ಕೆ ತನ್ನಿ," ಅಂದೆ. "ಎಲ್ಲರನ್ನೂ ಕರೆಯಿರಿ. ನಲವತ್ತಾರು ಮನೆಯೂ ಇಳಿದರೆ ಮೋಡ ಎಲ್ಲಿಗೆ ಹೋಗ್ತದೆ ಅಂತ ಕಣ್ಣಿಂದಲೇ ನೋಡುವ."

ಅವರು ಅಲ್ಲಾಡಲಿಲ್ಲ. "ಎರಡು ಸಲ ತಪ್ಪಿದ್ದು ಮೇಜು. ಈ ಸಲ ತಪ್ಪಿದ್ದು ನೀವು ಅಂತಾದ್ರೆ? ನನ್ನ ಮನೆಯನ್ನು ನಾನೇ ನನ್ನ ಕೈಯಿಂದ ತಗ್ಗಿಸಿ, ನಾಳೆ ನೀರು ಬಂದು ಅಲ್ಲೇ ನಿಂತ್ರೆ? ಒಳಗೆ ಮಗು ಉಂಟು ವಾರಿಜಕ್ಕ."

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ಮೂರು ಬೆರಳು ಎತ್ತರದ ಎರಡು ಮನೆಗಳಲ್ಲಿ ಒಂದು ಅವರದ್ದು, ಇನ್ನೊಂದು ನನ್ನದು. ಬೇರೆಯವರು ವಾರಕ್ಕೊಮ್ಮೆ ಬಂದು ಒಂದು ಚಿಟಿಕೆ ಹಾಕಿದರೆ, ಬೀಗದ ಕೈ ಇದ್ದ ನಾನು ದಿನವೂ ಸಂಜೆ ಬಾಗಿಲು ಹಾಕುವ ಮುಂಚೆ ಹಾಕುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಗೋಡೆ ಕಟ್ಟಿ ಎರಡು ದಿನ ತಡವಾಗಿ ಬಂದವರ ಮಾನ ಕಳೆಯುವವಳು ನಾನು. ಆ ಹೊತ್ತಿಗೆ ಬಾಗಿಲಲ್ಲಿ ಕೇರಿಯ ಹತ್ತಿಪ್ಪತ್ತು ಜನ ಸೇರಿದ್ದರು. ಅವರೆಲ್ಲರ ಎದುರಿಗೆ ಹೇಳಿಬಿಟ್ಟೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ಆಮೇಲೆ ಮಳೆಯೊಳಗೆ ಕೈ ಹಾಕಿ ನನ್ನ ಮನೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ನೆನೆದ ಮಣ್ಣು ಬೆರಳ ಸಂದಿನಿಂದ ಹೊರಗೆ ಬಂತು. ಹೆಚ್ಚಿನ ಮಣ್ಣು ತೆಗೆದು ಬಕೆಟ್ಟಿಗೆ ಹಾಕಿ ಬದಿಗೆ ಸರಿದೆ.

ದೇಜಪ್ಪಣ್ಣ ಗುಲಾಬಿಯ ಮುಖ ನೋಡಿದರು. "ಒತ್ತಿ," ಅಂದಳು ಅವಳು. "ನಾನು ಹಾಕಿದ್ದನ್ನು ನಾನು ತೆಗಿತೇನೆ, ನೀವು ಹಾಕಿದ್ದನ್ನು ನೀವು ತೆಗಿರಿ." ಇಬ್ಬರೂ ಬಗ್ಗಿದರು.

ಮತ್ತೆ ಉಳಿದವರು. ಸಾಲಿನಲ್ಲಿ ಬಂದವರೆಲ್ಲರದ್ದೂ ಒಂದೇ ಮಾತು: ನಾನು ಒಂದೇ ಒಂದು ಚಿಟಿಕೆ ಹಾಕಿದ್ದು. ಮಧ್ಯಾಹ್ನ ಎರಡಕ್ಕೆ ನಲವತ್ತಾರನೇ ಮನೆ ಇಳಿಯುವಾಗ ಆ ಒಂದೇ ಒಂದು ಚಿಟಿಕೆಗಳಿಂದ ಬಕೆಟ್ಟು ತುಂಬಿತ್ತು.

ಕೊನೆಯವರು ಕೈ ಹಿಂದಕ್ಕೆ ತೆಗೆದ ಮೇಲೆ ಕೂಡ ಮೋಡ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಮತ್ತೆ ಅದು ನಿಧಾನವಾಗಿ ಎದ್ದು, ಕೇರಿಯನ್ನು ದಾಟಿ, ಪೇಟೆಬೀದಿಯನ್ನು ದಾಟಿ, ಗುಡ್ಡೆಗೆ ಹೋಗಿ ತಾಗಿ ಸುರಿಯತೊಡಗಿತು. ಉಪ್ಪಿನಕೇರಿಯ ಬಟ್ಟಲಿಗೆ ಒಂದೆರಡು ಹನಿ ಬಿತ್ತು, ಅಷ್ಟೇ. ಗುಲಾಬಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಗು ಅವರ ಮನೆಯಲ್ಲೇ, ಬೆಚ್ಚಗೆ, ಇದ್ದಲ್ಲೇ ಇರಬಹುದು.

ಆ ಸಮಾಧಾನ ಎರಡು ಗಂಟೆ ಇತ್ತು. ನಾಲ್ಕಕ್ಕೆ ಮೇಜಿನ ಗುಡ್ಡೆಯ ಪಕ್ಕೆಯಿಂದ ಉಗುರಿನಷ್ಟು ಮಣ್ಣು ಕಳಚಿಕೊಂಡಿತು. ಸದ್ದೇ ಇಲ್ಲ. ಅದು ಜಾರಿ ಬಂದು ಶಾಲೆಯ ಮೇಲೂ ಅದರ ಸುತ್ತಲಿನ ಹತ್ತೊಂಬತ್ತು ಮನೆಗಳ ಮೇಲೂ ಕೂತಿತು. ಹುಣಸೆಬೀಜಗಳು ಕಾಣಲಿಲ್ಲ.

ನಾನೂ ದೇಜಪ್ಪಣ್ಣನೂ ಗುಡ್ಡೆಯಡಿಗೆ ಓಡಿದೆವು. ಓಡುವಾಗ ದಾರಿಯಲ್ಲಿ ನನಗೆ ಇನ್ನೊಂದು ಹೊಳೆಯಿತು. ಮೇಜಿನ ಗುಡ್ಡೆಗೆ ಮಳೆ ಸಿಕ್ಕಿದ್ದು ಎರಡು ಗಂಟೆಯಿಂದ. ಬೆಳಿಗ್ಗೆ ಏಳರಿಂದ ಬಿದ್ದದ್ದನ್ನೆಲ್ಲ ಕೇರಿ ತಡೆದುಕೊಂಡಿತ್ತು. ನಾಳೆ ನಿಜವಾದ ಗುಡ್ಡೆಗೆ ಅದೂ ಸೇರಿ ಬೀಳುತ್ತದೆ. ಹಾಗಾದರೆ ನಾಲ್ಕು ಗಂಟೆಯವರೆಗೆ ಅದು ಕಾಯುವುದಿಲ್ಲ.

ತ್ಯಾಂಪಣ್ಣ ಶೆಟ್ಟರು ಜಗಲಿಯಲ್ಲೇ ಇದ್ದರು. ಎಲ್ಲವನ್ನೂ ಕೇಳಿ, "ಓಹೋ, ಈಗ ನಾವು ಎತ್ತರದವರು ತಗ್ಗಿಗೆ ಬರ್ಬೇಕಾ?" ಅಂದರು. "ನಾಲ್ಕು ಗಂಟೆಗೆ ಅಲ್ವಾ ನಿಮ್ಮ ಮೇಜಿನಲ್ಲಿ ಬಿದ್ದದ್ದು? ನಾಳೆ ಊಟ ಮಾಡಿ, ಸ್ವಲ್ಪ ಮಲಗಿ ಎದ್ದು ಬರ್ತೇವೆ."

"ನಾಲ್ಕರವರೆಗೆ ಗುಡ್ಡೆ ನಿಲ್ಲುದಿಲ್ಲ ಶೆಟ್ರೇ. ಬೆಳಿಗ್ಗೆ ಮಳೆ ಶುರುವಾಗುವ ಮುಂಚೆ ಇಲ್ಲಿಂದ ಎಲ್ಲರೂ ಇಳೀಬೇಕು."

"ಮೇಜು ನಾಲ್ಕು ಹೇಳ್ತದೆ, ನೀವು ಏಳು ಹೇಳ್ತೀರಿ. ಮೇಜಿಗಿಂತ ನೀವು ದೊಡ್ಡವರಾ?"

ಶಾಲೆಯ ಹೆನ್ರಿಟ್ಟ ಟೀಚರು ಅಷ್ಟರಲ್ಲಿ ಹೊರಗೆ ಬಂದಿದ್ದರು. ಮೂವತ್ತು ವರ್ಷ ಅದೇ ಶಾಲೆಯಲ್ಲಿ ಕಲಿಸಿದವರು, ಶೆಟ್ಟರ ಮಕ್ಕಳಿಗೂ ಕಿವಿ ಹಿಂಡಿದವರು. "ಶೆಟ್ರೇ, ನನ್ನ ಶಾಲೆಯೇ ಹೋಗ್ತದೆ ಅಂತ ಅವರು ಹೇಳ್ತಾ ಇದ್ದಾರೆ. ನಾನೇ ಹೊರಡ್ತೇನೆ," ಅಂದರು. "ನಿಮ್ಮದು ಎಂತ ಊಟ?" ಒಳಗೆ ಹೋಗಿ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಹತ್ತೊಂಬತ್ತು ಮನೆಯವರ ಹೆಸರನ್ನೂ ಬರೆದುಕೊಂಡರು. ಎಂಬತ್ತೆಂಟು ಜನ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಅವರೆಲ್ಲ ಇಳಿದು ಬಂದರು. ತಲೆಯ ಮೇಲೆ ಅಕ್ಕಿ ಮೂಟೆ, ಕಂಕುಳಲ್ಲಿ ಕೋಳಿ, ಹಗ್ಗ ಹಿಡಿದು ದನ. ನಮ್ಮ ಕೇರಿಯವರು ಬಾಗಿಲಲ್ಲಿ ನಿಂತು ಇಬ್ಬರು ನಮ್ಮಲ್ಲಿಗೆ, ಮೂವರು ನಮ್ಮಲ್ಲಿಗೆ ಎಂದು ಕರೆದುಕೊಂಡರು. ಎರಡು ಸಲ ಗುಡ್ಡೆಯಡಿಯವರು ನಕ್ಕದ್ದನ್ನು ಯಾರೂ ಎತ್ತಲಿಲ್ಲ. ಎತ್ತಬೇಕೆಂದು ನನಗೆ ಬಾಯಿ ತುರಿಸಿದ್ದು ಹೌದು.

ಏಳಕ್ಕೆ ಗುಡ್ಡೆ ಕಾಣದಾಯಿತು. ಮೂಡಣದಲ್ಲಿ ಪರದೆ ಎಳೆದಂತೆ ಮಳೆ, ನಮ್ಮಲ್ಲಿ ತುಂತುರು. ದೇಜಪ್ಪಣ್ಣ ಅಂಗಳದಲ್ಲಿ ಬರಿತಲೆಯಲ್ಲಿ ನಿಂತು ಆ ತುಂತುರನ್ನು ನೋಡಿದರು, ಒಳಗೆ ಹೋಗಿ ಮಗುವನ್ನು ನೋಡಿದರು, ಮತ್ತೆ ಹೊರಗೆ ಬಂದರು. ಹೀಗೆ ನಾಲ್ಕೈದು ಸಲ.

ಒಂಬತ್ತಕ್ಕೆ ಟೀಚರು ಕೇರಿಯ ಈ ತುದಿಯಿಂದ ಆ ತುದಿಗೆ ಹಾಜರಿ ಕರೆಯುತ್ತ ಹೋದರು. ಎಂಬತ್ತೇಳು ಜನ ಹೂಂ ಅಂದರು. ತ್ಯಾಂಪಣ್ಣ ಶೆಟ್ಟರು ಇರಲಿಲ್ಲ. ಗೋಡೆ ಗಡಿಯಾರ ಬಿಟ್ಟು ಬಂದಿದ್ದೇನೆಂದು ಹೇಳಿ ಹಿಂದಕ್ಕೆ ಹೋಗಿದ್ದರಂತೆ. ಮೇಜು ಹೇಳಿದ ನಾಲ್ಕು ಗಂಟೆಗೆ ಇನ್ನೂ ತುಂಬ ಹೊತ್ತು ಉಂಟಲ್ಲ, ಅಂದಿದ್ದರಂತೆ.

ನಾನು ಹೊರಟೆ. ದೇಜಪ್ಪಣ್ಣ ನನ್ನ ಕೈಯಿಂದ ಕೊಡೆ ಕಿತ್ತುಕೊಂಡರು. "ನೀವು ಕೂತ್ಕೊಳ್ಳಿ ವಾರಿಜಕ್ಕ. ಅವರನ್ನು ಹೊತ್ತುಕೊಂಡು ಬರ್ಲಿಕ್ಕೆ ನಿಮ್ಮಿಂದ ಆಗ್ಲಿಕ್ಕಿಲ್ಲ." ನಿನ್ನೆ ಬೆಳಿಗ್ಗೆ ನನ್ನ ಮಾತು ಕೇಳುವುದಿಲ್ಲ ಎಂದು ಬಂದ ಮನುಷ್ಯ ಅದೇ ಮಾತನ್ನು ನಂಬಿ ಆ ಮಳೆಯೊಳಗೆ ಹೋದರು. ಗುಲಾಬಿ ನನ್ನ ಪಕ್ಕ ಬಂದು ಕೂತಳು. ನನ್ನ ಲೆಕ್ಕ ಸರಿಯಿದ್ದರೆ ಅವಳ ಗಂಡ ಗುಡ್ಡೆಯಡಿಯಲ್ಲಿ, ಸರಿಯಿಲ್ಲದಿದ್ದರೆ ನಾನು ಮೂರನೇ ಸಲವೂ ಸುಳ್ಳು. ದೇವರೇ, ಸುಳ್ಳೇ ಆಗಲಿ, ಅಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ.

ಹತ್ತೂವರೆಗೆ ಇಬ್ಬರೂ ಬಂದರು. ಶೆಟ್ಟರ ಎದೆಗೆ ಅವುಚಿಕೊಂಡ ಗಡಿಯಾರ, ದೇಜಪ್ಪಣ್ಣನ ಕೈಯಲ್ಲಿ ಶೆಟ್ಟರ ರಟ್ಟೆ. ದಾರಿಯುದ್ದಕ್ಕೂ ಜಗಳ ಮಾಡಿಕೊಂಡೇ ಬಂದಿದ್ದರು, ಕೇರಿಯ ಬಾಯಿಗೆ ಬಂದರೂ ಮುಗಿದಿರಲಿಲ್ಲ. ಟೀಚರು ಪುಸ್ತಕ ತೆರೆದು ಅವರ ಹೆಸರು ಕರೆದರು. "ಕಾಣ್ತಾ ಇಲ್ವಾ, ಇಲ್ಲೇ ಇದ್ದೇನೆ," ಅಂದರು ಶೆಟ್ಟರು. ಗುಲಾಬಿ ಗಂಡನ ತಲೆ ಒರಸುತ್ತ ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಹನ್ನೊಂದೂಕಾಲಿಗೆ ಗುಡ್ಡೆಯ ಕಡೆಯಿಂದ ಸದ್ದು ಬಂತು. ಮೇಜಿನ ಮೇಲೆ ಸದ್ದಿರಲಿಲ್ಲ, ಹಾಗಾಗಿ ಅದಕ್ಕೆ ನಾನು ತಯಾರಿರಲಿಲ್ಲ. ಕಾಲಡಿಯ ನೆಲ ನಡುಗಿತು, ದನಗಳು ಹಗ್ಗ ಜಗ್ಗಿದವು. ಮತ್ತೆ ಮಳೆಯ ಸದ್ದು ಮಾತ್ರ. ಕೇರಿಯಲ್ಲಿ ನಿಂತಿದ್ದ ಅಷ್ಟೂ ಜನ ಒಬ್ಬರನ್ನೊಬ್ಬರು ನೋಡಿಕೊಂಡೆವು. ಯಾರ ಮನೆ ಹೋಯಿತೆಂದು ಆಗ ಯಾರೂ ಕೇಳಲಿಲ್ಲ. ಟೀಚರು ಇನ್ನೊಮ್ಮೆ ಮೊದಲಿನಿಂದ ಹಾಜರಿ ಕರೆದರು, ಎಂಬತ್ತೆಂಟು ಜನವೂ ಹೂಂ ಅಂದರು. ಒಳಗಿನಿಂದ ಶಾಂಭವಿಯ ಮಗು ಹಾಲಿಗೆ ಅತ್ತಿತು. ನಾನು ಕಟ್ಟೆಯ ಮೇಲೆ ಕೂತೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಚೆನ್ನಾಗಿ ಅತ್ತೆ. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು.

ಬೆಳಿಗ್ಗೆ ಜನರನ್ನು ಮನೆಮನೆಗೆ ಹಂಚುವಾಗ ತ್ಯಾಂಪಣ್ಣ ಶೆಟ್ಟರು ನನ್ನ ಪಾಲಿಗೆ ಬಂದಿದ್ದರು. ನನ್ನ ಹಣೆಬರಹ. ಮಧ್ಯಾಹ್ನ ಗಂಜಿಗೆ ಉಪ್ಪಿನಕಾಯಿ ಖಾರ ಎಂದರು, ಚಾಪೆ ತೆಳು ಎಂದರು. ಸ್ವಲ್ಪ ಹೊತ್ತು ಮಲಗಿ ಎದ್ದು, ಮೆಟ್ಟಿಲಿಲ್ಲದ ನನ್ನ ಹೊಸ್ತಿಲನ್ನೂ ಹೊರಗಿನ ರಸ್ತೆಯನ್ನೂ ಬಗ್ಗಿ ಬಗ್ಗಿ ನೋಡಿದರು.

"ವಾರಿಜಕ್ಕ, ನಿಮ್ಮ ಮನೆ ತುಂಬ ತಗ್ಗಿನಲ್ಲಿ ಉಂಟು ಅಲ್ವಾ?"

ನಾಲ್ಕು ವರ್ಷ ಯಾರಾದರೂ ಹಾಗೆ ಕೇಳಿದರೆ ನಾನು ಮಾತು ಬದಲಿಸುತ್ತಿದ್ದೆ.

"ಹೌದು ಶೆಟ್ರೇ," ಅಂದೆ. "ತುಂಬ ತಗ್ಗು."